ಕಾಣದ ವರ, ಕಾಣದ ನಾಡು

ಕಿಟೆಲ್ಲರ ನಿಘಂಟು ಇಪ್ಪತ್ತು ವರ್ಷಗಳಿಂದ ನನ್ನ ಮೇಜಿನ ಮೇಲಿದೆ. ಪಾಠಕ್ಕೆ ಹೊರಡುವ ಮುನ್ನ ಅದನ್ನು ತೆರೆಯದ ದಿನ ಅಪರೂಪ. ಆದರೂ ನಿಘಂಟು ಬರೆದವರ ಮನೆಯಲ್ಲಿ ಯಾರಿದ್ದರು, ಆ ಹೆಂಗಸರು ಯಾವ ಧೈರ್ಯದ ಮೇಲೆ ಕಡಲು ದಾಟಿ ಬಂದರು ಎಂದು ನಾನು ಯೋಚಿಸಿದ್ದು ಈಚೆಗೆ, ಮಗಳನ್ನು ದೂರದ ಊರಿನ ಹಾಸ್ಟೆಲಿನಲ್ಲಿ ಬಿಟ್ಟು ಬಂದು ನಿದ್ದೆ ಹತ್ತದ ಒಂದು ರಾತ್ರಿ.

1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳು ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು 1834ರಲ್ಲಿ. ಮಂಗಳೂರಿನ ಅಚ್ಚುಕೂಟ, ಹಂಚಿನ ಕಾರ್ಖಾನೆ, 1843ರ ‘ಮಂಗಳೂರ ಸಮಾಚಾರ’ ಇವೆಲ್ಲ ಓದುಗರು ಬಲ್ಲ ಸಂಗತಿಗಳೇ. ಅವರ ಮದುವೆಯ ಸಂಗತಿ ಅಷ್ಟು ಪ್ರಸಿದ್ಧವಲ್ಲ. ಪಾದ್ರಿಯಾದವನು ಪರನಾಡಿನಲ್ಲಿ ಎರಡು ವರ್ಷ ದುಡಿದ ಮೇಲಷ್ಟೇ ಮದುವೆಗೆ ಅನುಮತಿ ಕೇಳಬಹುದಾಗಿತ್ತು. ಬಾಸೆಲಿನ ಕಮಿಟಿ ಒಪ್ಪಬೇಕು. ಎಷ್ಟೋ ಸಲ ಕನ್ಯೆಯನ್ನು ಗೊತ್ತುಮಾಡುವುದರಲ್ಲೂ ಕಮಿಟಿಯ ಕೈಯಿರುತ್ತಿತ್ತು. ವರ ಇಲ್ಲಿ, ವಧು ವ್ಯೂರ್ಟೆಂಬರ್ಗಿನ ಯಾವುದೋ ಹಳ್ಳಿಯಲ್ಲಿ. ಒಂದು ದಿನ ಅವಳ ಮನೆಗೆ ಕಾಗದ ಬರುತ್ತದೆ. ತಾನೆಂದೂ ಕಾಣದ ಗಂಡಿಗೆ ‘ಹೂಂ’ ಎನ್ನಬೇಕು, ಇಲ್ಲವೇ ‘ಉಹೂಂ’.

‘ನಮ್ಮ ಅಜ್ಜಿಯರೂ ಗಂಡಿನ ಮುಖ ನೋಡದೆಯೇ ಮದುವೆಯಾದವರಲ್ಲವೆ?’ ಎಂದು ಯಾರಾದರೂ ಕೇಳಿಯಾರು. ನಿಜ. ಆದರೆ ಅಜ್ಜಿಗೆ ಗಾಡಿಯ ದಾರಿಯಷ್ಟು ದೂರದಲ್ಲಿ ತವರಿತ್ತು. ಚೊಚ್ಚಲ ಬಾಣಂತನಕ್ಕೆ ಅಲ್ಲಿಗೆ ಹೋಗುತ್ತಿದ್ದಳು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮುನ್ನ ಆಫ್ರಿಕವನ್ನು ಸುತ್ತಿಬರುವ ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣ. ಎದುರಿಗೆ ಜ್ವರ, ಆಮಶಂಕೆ, ಅರಿಯದ ಭಾಷೆ. ಆ ಹುಡುಗಿಯರ ಕೈಯಲ್ಲಿದ್ದ ಆಧಾರ ಒಂದೇ: ಕರೆದವನು ದೇವರು, ಕಾಯುವವನೂ ಅವನೇ.

ಈ ನಂಬಿಕೆಯನ್ನು ಹಗುರವಾಗಿ ಕಾಣುವವರ ಗುಂಪಿಗೆ ನಾನು ಸೇರಿದವನಲ್ಲ. ಕಿಟೆಲ್ಲರ ಮೊದಲ ಹೆಂಡತಿ ಪೌಲೀನೆ ಮದುವೆಯಾದ ಕೆಲವೇ ವರ್ಷಗಳಲ್ಲಿ, 1864ರಲ್ಲಿ, ತೀರಿಕೊಂಡರು. ಅನಂತರ ಅದೇ ಬಾಳಿಗೆ ಒಪ್ಪಿದವರು ಅವರ ತಂಗಿ ಯೂಲಿ. ಅಕ್ಕನ ಗತಿ ಏನಾಯಿತೆಂದು ತಿಳಿದೂ ಹೆಜ್ಜೆಯಿಟ್ಟವಳನ್ನು ಅಂಧಭಕ್ತೆ ಎಂದು ಕರೆಯಲು ನನಗೆ ಬಾಯಿ ಬಾರದು. ಆದರೆ ಒಂದು ಮಾತು ಹೇಳದಿದ್ದರೆ ಚರಿತ್ರೆಗೆ ಅನ್ಯಾಯವಾದೀತು. ದೇವರ ಚಿತ್ತವೂ ಕಮಿಟಿಯ ಚಿತ್ತವೂ ಅವರಿಗೆ ಒಂದೇ ಲಕೋಟೆಯಲ್ಲಿ ಬರುತ್ತಿದ್ದವು. ಬೇರ್ಪಡಿಸಿ ಓದುವುದು ಸುಲಭವಿರಲಿಲ್ಲ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಕಠಿಣವಾಯಿತು. ಶಾಲೆಯ ವಯಸ್ಸು ಬರುತ್ತಲೇ ಮಕ್ಕಳನ್ನು ಯೂರೋಪಿಗೆ ಕಳಿಸುವುದು ಪದ್ಧತಿ. ಅದಕ್ಕೆಂದೇ ಬಾಸೆಲಿನಲ್ಲಿ 1853ರಲ್ಲಿ ಮಕ್ಕಳ ಮನೆಯೊಂದು ಏರ್ಪಟ್ಟಿತು. ಹವೆ ಒಗ್ಗದು, ಸುತ್ತಲಿನವರ ಆಚಾರ ಅಂಟೀತು, ತಂದೆತಾಯಿಯರ ಸೇವೆಗೆ ಅಡ್ಡಿಯಾದೀತು ಎಂಬುವು ಕಾರಣಗಳು. ತಾಯಂದಿರು ಕರುಳು ಕಿತ್ತುಕೊಟ್ಟರು. ಅವರು ನಂಬಿ ಕೊಟ್ಟರು, ಸರಿ. ಮಗುವನ್ನು ಕೇಳಿದವರು ಯಾರು?

ಮಲೆಯಾಳ ನಿಘಂಟಿನ ಕರ್ತೃ ಹರ್ಮನ್ ಗುಂಡರ್ಟರ ಮಗಳು ಮರೀ ಅಂಥ ಒಂದು ಮಗು. 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದ ಆಕೆಯನ್ನು ಎಳೆವಯಸ್ಸಿನಲ್ಲೇ ಯೂರೋಪಿನಲ್ಲಿ ಬಿಟ್ಟರು. 1857ರಲ್ಲಿ ಮರಳಿ ಬರುವಾಗ ಹಡಗಿನಲ್ಲಿ ಇಂಗ್ಲಿಷ್ ತರುಣನೊಬ್ಬನಿಗೆ ಮನಸೋತಳು, ತಂದೆ ಒಪ್ಪಲಿಲ್ಲ. ಮುಂದೆ ಕೈಹಿಡಿದದ್ದು ಮಿಶನರಿಯನ್ನೇ. ಅವರು 1870ರಲ್ಲಿ ತೀರಿಕೊಂಡರು. 1874ರಲ್ಲಿ ಮದುವೆಯಾದ ಯೋಹಾನೆಸ್ ಹೆಸ್ಸೆ ಮಂಗಳೂರಿನಲ್ಲಿ ಕೆಲಕಾಲ ಸೇವೆ ಮಾಡಿ, ಆರೋಗ್ಯ ಕೆಟ್ಟು ಮರಳಿದ್ದವರು. ಇಷ್ಟಾದರೂ ಮರೀಯ ದೈವಭಕ್ತಿ ಕುಂದಲಿಲ್ಲ.

ಅವರ ಮಗ 1877ರಲ್ಲಿ ಹುಟ್ಟಿದ ಹರ್ಮನ್ ಹೆಸ್ಸೆ, ಮುಂದೆ ‘ಸಿದ್ಧಾರ್ಥ’ ಬರೆದ ಕಾದಂಬರಿಕಾರ. ಅವನನ್ನೂ ತಂದೆತಾಯಿ ದೇವರ ಸೇವೆಗೇ ಎಂದು ಮಾಲ್‌ಬ್ರಾನಿನ ಸೆಮಿನರಿಗೆ ಸೇರಿಸಿದರು. 1892ರ ಮಾರ್ಚಿಯಲ್ಲಿ, ಹದಿನಾಲ್ಕರ ಆ ಹುಡುಗ ಯಾರಿಗೂ ಹೇಳದೆ ಅಲ್ಲಿಂದ ಹೊರಟುಹೋದ. ಕೊರೆಯುವ ಚಳಿಯಲ್ಲಿ ಒಂದು ರಾತ್ರಿಯನ್ನು ಬಯಲಿನಲ್ಲೇ ಕಳೆದು, ಮರುದಿನ ಸಿಕ್ಕಿದ.