ಜಾಝ್ ಚಾಂಟ್ಸ್

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆ ಮಾತಿನ ಲಯ ರೂಢಿಸಲು ಬಳಸುವ, ತಾಳದೊಂದಿಗೆ ಗಟ್ಟಿಯಾಗಿ ಹೇಳುವ ಪದ್ಯಗಳು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುತ್ತಿದ್ದ, ಪಿಯಾನೊ ವಾದಕಿಯೂ ಆದ ಕ್ಯಾರೊಲಿನ್ ಗ್ರಹಾಂ ಇವನ್ನು ರೂಪಿಸಿದರು. ಮೊದಲ ಸಂಕಲನವನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1978ರಲ್ಲಿ ಪ್ರಕಟಿಸಿತು. ಮರುವರ್ಷ ಮಕ್ಕಳ ಸಂಕಲನ ಬಂತು.

ಇಂಗ್ಲಿಷ್ ಮಾತಿನಲ್ಲಿ ಒತ್ತು ಬೀಳುವ ಅಕ್ಷರಗಳು ಎದ್ದು ಕೇಳಿಸುತ್ತವೆ, ನಡುವಿನವು ಕುಗ್ಗುತ್ತವೆ. ‘ಐ ವಾಂಟ್ ಟು ಗೋ ಟು ದ ಮಾರ್ಕೆಟ್’ ಎಂಬಲ್ಲಿ ಚಪ್ಪಾಳೆ ಬೀಳುವುದು ‘ವಾಂಟ್’, ‘ಗೋ’, ‘ಮಾರ್’ಗಳ ಮೇಲೆ, ಎರಡು ‘ಟು’ಗಳೂ ‘ದ’ ಕೂಡ ಅರ್ಧ ನುಂಗಿದಂತೆ ಜಾರಿಹೋಗುತ್ತವೆ. ಪ್ರತಿ ಅಕ್ಷರವನ್ನೂ ತುಂಬಿ ನುಡಿಯುವ ಕನ್ನಡಿಗರಿಗೆ ಕಷ್ಟವಾಗುವುದು ಇಲ್ಲಿಯೇ. ತಾಳಕ್ಕೆ ಕೂರಿಸಲು ಸಹಜ ಮಾತನ್ನು ತಿರುಚಬಾರದೆಂಬುದು ಗ್ರಹಾಂ ಅವರ ಮುಖ್ಯ ನಿಲುವು. ಆದ್ದರಿಂದಲೇ ಈ ಸಾಲುಗಳು ತರಗತಿಯ ಹೊರಗೂ ಹಾಗೆಯೇ ಬಳಕೆಗೆ ಬರುತ್ತವೆ. ಶಿಶುಗೀತೆಗಳಿಗೆ ಈ ಅನುಕೂಲ ಕಡಿಮೆ.

ಶಿಕ್ಷಕರು ಮೊದಲು ಅರ್ಥ ಬಿಡಿಸಿ, ಒಂದೊಂದೇ ಸಾಲು ಹೇಳಿಕೊಡುತ್ತಾರೆ. ಬಳಿಕ ತರಗತಿ ಎರಡು ಗುಂಪಾಗಿ, ಒಂದು ಪ್ರಶ್ನೆಯನ್ನೂ ಇನ್ನೊಂದು ಉತ್ತರವನ್ನೂ ಹೇಳುತ್ತದೆ. ಎಲ್ಲರ ದನಿಯೊಳಗೆ ತನ್ನ ದನಿ ಸೇರುವುದರಿಂದ ಸಂಕೋಚದ ಮಗುವೂ ಬಾಯಿಬಿಡುತ್ತದೆ. ಈ ವಿಧಾನದ ನಿಜವಾದ ಹಿರಿಮೆ ಇದು.