ಗ್ಲೇಸಿಯರ್ ಬೇ: ಕಡಲತಳದ ಹೂಳಿನ ಚರಿತ್ರೆ

ಹಿಮನದಿ ಕೊರೆದ ಕಣಿವೆಗೆ ಕಡಲು ನುಗ್ಗಿದಾಗ ಉಂಟಾಗುವ ಆಳವಾದ, ಕಿರಿದಾದ ಕೊಲ್ಲಿಯೇ ಫಿಯೊರ್ಡ್. ಹಿಮ ಸರಿದ ಮೇಲೆ ಅದರ ತಳದಲ್ಲಿ ಹೂಳು ತುಂಬುವ ಬಗೆಯನ್ನು ಅರಿಯಲು ಅಲಾಸ್ಕದ ಗ್ಲೇಸಿಯರ್ ಬೇಯಷ್ಟು ಒಳ್ಳೆಯ ತಾಣಗಳು ವಿರಳ. ಯಾವ ಕಾಲಕ್ಕೆ ಹಿಮದ ಅಂಚು ಎಲ್ಲಿತ್ತು ಎಂಬುದಕ್ಕೆ ಅಲ್ಲಿ ಎರಡು ಶತಮಾನಗಳ ದಾಖಲೆಯಿದೆ.

18ನೆಯ ಶತಮಾನದಲ್ಲಿ ಮುನ್ನುಗ್ಗಿದ ಹಿಮ ಹೂನಾ ಟ್ಲಿಂಗಿಟ್ ಜನರನ್ನು ಅವರ ನೆಲದಿಂದಲೇ ಎಬ್ಬಿಸಿತು. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ತಂಡದ ಜೋಸೆಫ್ ವಿಡ್‌ಬಿ ಕಂಡದ್ದು ಕೊಲ್ಲಿಯ ಬಾಯಿಯ ಹತ್ತಿರವೇ ನಿಂತ ಹಿಮದ ಗೋಡೆ. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ದೋಣಿಯಲ್ಲಿ ಬರುವಷ್ಟರಲ್ಲಿ ಅದು ಹತ್ತಾರು ಕಿಲೋಮೀಟರ್ ಒಳಸರಿದಿತ್ತು. 1890 ಮತ್ತು 1892ರಲ್ಲಿ ಭೂಭೌತವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್ ಅಲ್ಲಿನ ಮ್ಯೂರ್ ಹಿಮನದಿಯ ಅಳತೆ ಮಾಡಿದರು. 1916ರ ಹೊತ್ತಿಗೆ ಹಿಮದ ತುದಿ ಕೊಲ್ಲಿಯ ಬಾಯಿಂದ ಸುಮಾರು 100 ಕಿ.ಮೀ. ದೂರವಿತ್ತು.

ಈ ಹಳೆಯ ದಾಖಲೆಗಳ ನಿಜವಾದ ಬೆಲೆ ತಿಳಿದದ್ದು ಕಡಲತಳದ ಶೋಧ ಶುರುವಾದಾಗ. ಒಂದು ಜಾಗದಿಂದ ಹಿಮ ಹಿಂಜರಿದ ವರ್ಷ ಗೊತ್ತಿದ್ದರೆ, ಅಲ್ಲಿ ಆಮೇಲೆ ಕೂತ ಹೂಳಿನ ದಪ್ಪದಿಂದ ಅದು ತುಂಬಿದ ವೇಗ ಸಿಗುತ್ತದೆ. ಹಿಮದ ಅಂಚಿನ ಬಳಿ ಆ ವೇಗ ವರ್ಷಕ್ಕೆ ಮೀಟರುಗಟ್ಟಲೆ! ಆಳಸಾಗರದ ಬಯಲುಗಳಲ್ಲಾದರೆ ಸಾವಿರ ವರ್ಷ ಕಾದರೂ ಸಿಗುವುದು ಕೆಲವು ಮಿಲಿಮೀಟರ್, ಹೆಚ್ಚೆಂದರೆ ಕೆಲವು ಸೆಂಟಿಮೀಟರ್.

ಹಿಮದ ಅಡಿಯಿಂದ ರಭಸವಾಗಿ ಚಿಮ್ಮುವ ಕರಗುನೀರು ಜಲ್ಲಿ, ದಪ್ಪ ಮರಳನ್ನು ಅಲ್ಲೇ ಬಿಡುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ನುಣ್ಣನೆಯ ಕಲ್ಲುಹುಡಿಯನ್ನು ಹೊತ್ತು ಮೇಲೇರಿ, ಬೂದುಬಣ್ಣದ ಪದರವಾಗಿ ಹರಡಿಕೊಳ್ಳುತ್ತದೆ. ಉಪ್ಪು ತಗುಲಿದ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ಕೆಳಗಿಳಿಯುತ್ತವೆ. ತೇಲುವ ಹಿಮಬಂಡೆಗಳಿಂದ ಕಳಚಿದ ಕಲ್ಲುಗಳು ಈ ಕೆಸರಿನ ನಡುವೆ ಹೂತುಕೊಳ್ಳುತ್ತವೆ. ಮ್ಯಾಕಿವಿಚ್, ರಾಸ್ ಪೊವೆಲ್ ಮುಂತಾದ ಭೂವಿಜ್ಞಾನಿಗಳು 1984ರಲ್ಲಿ ಕೊಲ್ಲಿಯ ಮ್ಯೂರ್ ಕವಲಿನ ಕೆಸರನ್ನು ವಿವರಿಸಿದಾಗ ಹೆಚ್ಚು ಗಮನ ಸೆಳೆದದ್ದು ಅದರ ತೆಳು ಪದರಗಳ ಜೋಡಿ: ಒಂದು ಒರಟು, ಒಂದು ನುಣುಪು. ಉಬ್ಬರವಿಳಿತಕ್ಕೆ ತಕ್ಕಂತೆ ಇಂಥ ಜೋಡಿಗಳು ದಿನಕ್ಕೆ ಎರಡರಂತೆ ಕೂರಬಲ್ಲವು. ವರ್ಷದ ಲೆಕ್ಕವನ್ನಷ್ಟೇ ನಿರೀಕ್ಷಿಸುವ ಕೆಸರಿನಲ್ಲಿ ದಿನದ ಲೆಕ್ಕ ಸಿಗುವುದು ಭೂವಿಜ್ಞಾನದಲ್ಲಿ ಅಪರೂಪ.

ಹೂಳು ತಿರುಗಿ ಹಿಮನದಿಯನ್ನೂ ಪ್ರಭಾವಿಸುತ್ತದೆ. ಅಂಚಿನ ಮುಂದೆ ದಿಬ್ಬ ಬೆಳೆದಂತೆ ನೀರಿನ ಆಳ ತಗ್ಗಿ, ಹಿಮ ಮುರಿದುಬೀಳುವುದು ಕಡಿಮೆಯಾಗುತ್ತದೆ. ಆ ದಿಬ್ಬದಿಂದ ಕಳಚಿ ಆಳದ ನೀರಿಗೆ ಸರಿದ ಹಿಮನದಿ ಬೇಗಬೇಗ ಹಿಂದೋಡುತ್ತದೆ. 1990ರ ದಶಕದಲ್ಲಿ ಮ್ಯೂರ್ ಹಿಮನದಿ ಕಡಲನ್ನೇ ಬಿಟ್ಟು ನೆಲ ಸೇರಿತು. ಹಿಮ ನೆಲ ಸೇರಿದ ಕಡೆ ಹೂಳು ತರುವ ಕೆಲಸ ಹೊಳೆಗಳದ್ದು. ಅವು ಕಟ್ಟುವ ಮುಖಜಭೂಮಿಯ ಇಳಿಜಾರು ಆಗಾಗ ಕುಸಿದು, ಕೆಸರು ತಳದ ತಗ್ಗಿಗೆ ಜಾರುತ್ತದೆ.

ಇಂಥ ಹೂಳಿನ ಮಹತ್ವ ಗ್ಲೇಸಿಯರ್ ಬೇಗಷ್ಟೇ ಸೀಮಿತವಲ್ಲ: 2015ರಲ್ಲಿ ಪ್ರಕಟವಾದ ಅಂದಾಜಿನಂತೆ ಜಗತ್ತಿನ ಫಿಯೊರ್ಡ್‌ಗಳ ಹೂಳಿನಲ್ಲಿ ಪ್ರತಿವರ್ಷ ಸುಮಾರು 1.8 ಕೋಟಿ ಟನ್ ಸಾವಯವ ಇಂಗಾಲ ಹೂತುಹೋಗುತ್ತದೆ. ಕಡಲುಗಳಲ್ಲಿ ಹೂತುಹೋಗುವ ಒಟ್ಟು ಸಾವಯವ ಇಂಗಾಲದ ಶೇ. 11ರಷ್ಟು ಇದು.