ಮರಳಿ ಬಂದ ಬೇನೆ, ಒಳಗಣ ಚಿತ್ರ

ಗೋಕಾಕ ಜಲಪಾತದ ನೀರಿನಿಂದ ವಿದ್ಯುತ್ತು ಹುಟ್ಟಿದ್ದು 1887ರಲ್ಲಿ. ಎಂಟು ವರ್ಷಗಳ ತರುವಾಯ ಜರ್ಮನಿಯ ರಾಂಟ್ಜನ್ನನು ಅದೇ ವಿದ್ಯುತ್ತಿನ ಬಲದಿಂದ ಕ್ಷ-ಕಿರಣವನ್ನು ಕಂಡನು. ಅದು ಎಲುಬನ್ನು ತೋರಿಸಿತು. ಅಂಡಾಶಯದಂಥ ಮೃದು ಅಂಗವನ್ನು ತೋರಿಸಲಾರದೆ ಹೋಯಿತು.

1958ರಲ್ಲಿ ಗ್ಲಾಸ್ಗೋದ ಈಯಾನ್ ಡೊನಾಲ್ಡರು ಕಿವಿಗೆ ಕೇಳದ ಧ್ವನಿತರಂಗಗಳಿಂದ ಹೊಟ್ಟೆಯ ಗಂಟುಗಳನ್ನು ಚಿತ್ರಿಸಿದರು. ಜಠರದ ಕ್ಯಾನ್ಸರೆಂದು ಕೈಬಿಟ್ಟಿದ್ದ ಒಬ್ಬಾಕೆಗೆ ಇದ್ದುದು ಅಂಡಾಶಯದ ನೀರುಗಡ್ಡೆ. ಅದನ್ನು ತೆಗೆದರು, ಆಕೆ ಬದುಕಿದಳು. 1971ರಲ್ಲಿ ಮೊದಲ ರೋಗಿಯ ತಲೆಯನ್ನು ನೋಡಿದ ಸಿ.ಟಿ. ಯಂತ್ರವು ಕ್ರಮೇಣ ಹೊಟ್ಟೆಗೂ ಬಂದಿತು.

ಅಂಡಾಶಯದ ಕ್ಯಾನ್ಸರು ಶಸ್ತ್ರಕ್ರಿಯೆ, ಔಷಧಗಳಿಂದ ಅಡಗಿದರೂ ಅನೇಕರಲ್ಲಿ ಮರಳುತ್ತದೆ. ಬೇಗ ಕಂಡರೆ ಲಾಭವೆಂಬುದು ಸಹಜವಾದ ಎಣಿಕೆ. ಆದರೆ 2010ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ರಕ್ತದ ಸಿ.ಎ.-125 ಏರಿದೊಡನೆ, ಲಕ್ಷಣಗಳಿಗೆ ಕಾಯದೆ ಔಷಧ ಕೊಟ್ಟರೂ ಆಯುಷ್ಯ ಹೆಚ್ಚಲಿಲ್ಲ.

ಹಾಗಾದರೆ ಚಿತ್ರವೇಕೆ? ಬೇನೆ ಒಂದೆಡೆ ನಿಂತಿದೆಯೋ, ಹರಡಿದೆಯೋ ಎಂದು ತಿಳಿಯಲು. 2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಆಯ್ದ ರೋಗಿಗಳಿಗೆ ಔಷಧದೊಡನೆ ಮರುಶಸ್ತ್ರಕ್ರಿಯೆಯೂ ಆದಾಗ ಆಯುಷ್ಯದ ಮಧ್ಯಾಂಕ 46 ತಿಂಗಳ ಬದಲು ಸುಮಾರು 54 ಆಯಿತು. ಗಂಟನ್ನು ಪೂರ್ಣವಾಗಿ ತೆಗೆಯಲಾದವರಿಗೇ ಆ ಲಾಭ. ಸಾಸಿವೆಯಷ್ಟು ಸಣ್ಣ ಗಂಟು ಸಿ.ಟಿ.ಯ ಕಣ್ಣನ್ನೂ ತಪ್ಪಿಸುವುದುಂಟು. ಅದು ಕಾಣದ ಕೆಲವನ್ನು ಪೆಟ್-ಸಿ.ಟಿ. ತೋರಿಸಿಕೊಡುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ತಾಯಂದಿರು ಕೆಲಸ ಬಿಟ್ಟು ಬೆಳಗಾವಿಗೆ ಅಲೆಯುವಾಗ ಈ ಇತಿಹಾಸ ನೆನಪಿರಲಿ. ಹೊಟ್ಟೆಯುಬ್ಬರ, ನೋವು ಮರಳಿದರೆ ತಡಮಾಡಬಾರದು. ಏನೂ ತೊಂದರೆಯಿಲ್ಲದಿರುವಾಗ ಮಾತ್ರ, ಚಿತ್ರ ತೆಗೆಸುವ ಮೊದಲು ವೈದ್ಯರನ್ನು ಕೇಳಬೇಕಾದ ಮಾತು ಒಂದೇ: “ಇದರಿಂದ ಚಿಕಿತ್ಸೆ ಬದಲಾದೀತೇ?”